ಹೊರಗಿನ ಗೂಡಿನ ಲೋಟ

ಮೊನ್ನೆ ಮೊಮ್ಮಗಳ ಹಳೆಯ ಪುಸ್ತಕಗಳನ್ನು ಪೇಪರಿನವನಿಗೆ ಹಾಕಿಬಿಡೋಣ ಅಂತ ಅಟ್ಟದಿಂದ ಇಳಿಸಿದೆ. ಪುಸ್ತಕಗಳ ನಡುವೆ ತುಕ್ಕು ಹಿಡಿದ ಒಂದು ಜಾಮೆಟ್ರಿ ಡಬ್ಬಿ ಸಿಕ್ಕಿತು. ಅಲ್ಲಾಡಿಸಿದರೆ ಗಲಗಲ ಅಂತು. ಒಳಗೆ ಕೈವಾರ, ಮೊಂಡು ಪೆನ್ಸಿಲು, ಅರ್ಧ ರಬ್ಬರು, ಅವುಗಳ ಅಡಿಯಲ್ಲಿ ಒಂದು ಸಣ್ಣ ಬೀಗದ ಕೈ. ಅದರ ತೂತಿಗೆ ಕೆಂಪು ನೂಲು ಪೋಣಿಸಿ ಮೂರು ಗಂಟು ಹಾಕಿತ್ತು. ನೂಲು ಮಾಸಿ ಇಟ್ಟಿಗೆಪುಡಿಯ ಬಣ್ಣಕ್ಕೆ ಬಂದಿತ್ತು. ಗಂಟಿನ ಒಳಗೆ ಮಾತ್ರ ಇನ್ನೂ ಕೆಂಪು.

ಅದು ನಮ್ಮ ಮಗ್ಗದ ನೂಲು. ಕೊಟ್ಟವಳು ನಾನೇ. ಯಾಕೆ ಅಂತ ಕೇಳದೆ ಕೊಟ್ಟಿದ್ದೆ...

ಬೀಗದ ಕೈ ಯಾವುದರದು ಅಂತ ಹೇಳಿದರೆ ನಗಬೇಡಿ. ಸ್ಕೂಲಿನ ಕಕ್ಕಸಿನದು. ಟೀಚರುಗಳಿಗೆ ಅಂತ ಬೀಗ ಹಾಕಿಟ್ಟಿದ್ದ ಕಕ್ಕಸು. ಅದನ್ನು ನನ್ನ ಮೊಮ್ಮಗಳ ಕೈಗೆ ಕೊಟ್ಟವಳು ಆ ಸ್ಕೂಲಿನ ಆಯಾಮ್ಮ. ಅವಳ ವಿಷಯ ಬರೆದಿಡೋಣ ಅಂತ ಕೂತಿದ್ದೀನಿ. ನಾನು ಓದಿದ್ದು ಕೊಳ್ಳೇಗಾಲದ ಕಡೆ, ಮೂರನೇ ಕ್ಲಾಸಿನವರೆಗೆ. ಮದುವೆಯಾಗಿ ಕೊಯಮತ್ತೂರಿನ ಹತ್ತಿರದ ಈ ಸೂಲೂರಿನ ಕಡೆ ಬಂದ ಮೇಲೆ ಕನ್ನಡ ಮನೆಯೊಳಗಿನ ಮಾತಾಯಿತು, ಹೊಸ್ತಿಲು ದಾಟಿದರೆ ತಮಿಳು. ಆಯಾಮ್ಮ ಆಡಿದ್ದೆಲ್ಲ ತಮಿಳೇ. ನನಗೆ ಬರುವ ಮಾತಲ್ಲಿ ಬರೀತೀನಿ.

ನಮ್ಮದು ನೇಕಾರರ ಬೀದಿ. ಎರಡು ಸಾಲು ಮನೆ, ಎಲ್ಲ ಮನೆಯಲ್ಲೂ ಮಗ್ಗದ ಸದ್ದು. ಬೀದಿಯ ಕೊನೆಗೆ ಐದನೇ ಕ್ಲಾಸಿನವರೆಗಿನ ಸ್ಕೂಲು. ಆಯಾಮ್ಮನ ಮನೆ ಹಳ್ಳದ ಆಚೆಯ ಬೀದಿಯಲ್ಲಿ. ಅದು ಬೇರೆಯವರ ಬೀದಿ, ನಾವು ಯಾರೂ ಅಲ್ಲಿಗೆ ಹೋಗುತ್ತಿರಲಿಲ್ಲ. ಅವರು ಮಾತ್ರ ಕೆಲಸಕ್ಕೆ ಇಲ್ಲಿಗೆ ಬರುತ್ತಿದ್ದರು. ಸ್ಕೂಲು ಗುಡಿಸುವುದು, ಬೆಲ್ಲು ಹೊಡೆಯುವುದು, ಮಕ್ಕಳು ಕುಡಿಯುವ ಮಡಕೆಗೆ ನೀರು ತುಂಬುವುದು, ಕಕ್ಕಸು ತೊಳೆಯುವುದು, ಎಲ್ಲ ಅವಳದೇ. ಆಳು ಒಣಗಿದ ಹತ್ತಿಕಡ್ಡಿ. ಗಂಟಲು ಮಾತ್ರ ಮಿಲ್ಲಿನ ಸೈರನ್ನು. ಅವಳು ಸ್ಕೂಲಿನ ಬಾಗಿಲಲ್ಲಿ ನಿಂತು ಒಂದು ಮಗುವನ್ನು ಬೈದರೆ ನಮ್ಮ ಬೀದಿಯ ಈ ತುದಿಯಲ್ಲಿ ಮಗ್ಗದ ಕಾಲು ನಿಲ್ಲುತ್ತಿತ್ತು.

ಸಂಜೆ ಹೊತ್ತು ಬಕೆಟ್ಟು ಹಿಡಿದು ಮನೆಮನೆಗೆ ಬರುತ್ತಿದ್ದಳು. ಅವಳ ಹತ್ತಿರ ಎರಡು ಮೇಕೆ ಇದ್ದವು. ಅಕ್ಕಿ ತೊಳೆದ ಕಲಗಚ್ಚು, ತರಕಾರಿ ಸಿಪ್ಪೆ ಕೊಡುತ್ತಿದ್ದೆವು. ಬಿಸಿಲಲ್ಲಿ ಬಂದವಳು ಒಂದೊಂದು ಸಲ ನೀರು ಕೇಳುತ್ತಿದ್ದಳು. ನಮ್ಮ ಬಾಗಿಲ ಪಕ್ಕ, ಹೊರಗೋಡೆಯಲ್ಲಿ ಒಂದು ಗೂಡು. ದೀಪದ ಗೂಡಲ್ಲ, ಅದು ಒಳಗಿದೆ. ಹೊರಗಿನ ಗೂಡಲ್ಲಿ ಒಂದು ಅಲ್ಯುಮಿನಿಯಂ ಲೋಟ ಬೋರಲು ಹಾಕಿರುತ್ತಿತ್ತು. ಅವಳೇ ಅದನ್ನು ತೆಗೆದು ಹಿಡಿಯುತ್ತಿದ್ದಳು. ನಾನು ಚೊಂಬಿನಿಂದ ಎತ್ತರದಲ್ಲಿ ನೀರು ಬಿಡುತ್ತಿದ್ದೆ. ಕುಡಿದು, ತೊಳೆದು, ಅವಳೇ ಬೋರಲು ಹಾಕಿ ಹೋಗುತ್ತಿದ್ದಳು. ಇದನ್ನು ನಾನು ಶುರು ಮಾಡಲಿಲ್ಲ. ನನ್ನ ಅತ್ತೆ ಹಾಗೆ ಮಾಡುತ್ತಿದ್ದಳು, ನಾನೂ ಮಾಡಿದೆ. ಇಷ್ಟು ವರ್ಷ ಆ ಲೋಟದ ಬಗ್ಗೆ ನಾನೂ ಏನೂ ಹೇಳಲಿಲ್ಲ, ಅವಳೂ ಹೇಳಲಿಲ್ಲ.

ಇನ್ನು ಮೊಮ್ಮಗಳ ವಿಷಯ. ಮಗ ಪವರ್‌ಲೂಮಿಗೆ, ಸೊಸೆ ತಿರುಪ್ಪೂರಿನ ಬನಿಯನ್ ಕಂಪನಿಗೆ. ಬೆಳಿಗ್ಗೆ ಕಂಪನಿ ವ್ಯಾನು ಬಂದರೆ ಅವಳು ಹೋದಳು. ಮಗುವನ್ನು ನೋಡಿಕೊಂಡವಳು ನಾನು. ಹುಟ್ಟಿದಾಗಿನಿಂದ ಕೆಮ್ಮು. ಎಷ್ಟು ತಿಂದರೂ ಮೈ ಹತ್ತಲಿಲ್ಲ, ತಿಂದದ್ದೆಲ್ಲ ಎಣ್ಣೆಯ ಹಾಗೆ ಹೋಗುತ್ತಿತ್ತು. ಬೇಸಿಗೆಯಲ್ಲಿ ಹಣೆ ಮೇಲೆ ಬೆವರು ಒಣಗಿ ಬಿಳೀ ಪುಡಿ ನಿಲ್ಲುತ್ತಿತ್ತು. ಕಪ್ಪು ಫ್ರಾಕಿನ ಬೆನ್ನಿಗೆ ಉಪ್ಪಿನ ಗೆರೆ. ದೃಷ್ಟಿ ತೆಗೆದೆ, ತಾಯಿತ ಕಟ್ಟಿದೆ, ಏನೂ ಆಗಲಿಲ್ಲ. ಐದು ವರ್ಷಕ್ಕೆ ಕೊಯಮತ್ತೂರಿನ ಆಸ್ಪತ್ರೆಯಲ್ಲಿ ಬೆವರು ತೆಗೆದು ನೋಡಿ ಸಿಸ್ಟಿಕ್ ಫೈಬ್ರೋಸಿಸ್ ಅಂದರು. ಆ ಹೆಸರು ನನ್ನ ಬಾಯಲ್ಲಿ ಈಗಲೂ ನೆಟ್ಟಗೆ ನಿಲ್ಲುವುದಿಲ್ಲ.

ಡಾಕ್ಟರಮ್ಮ ಬಿಡಿಸಿ ಹೇಳಿದಾಗ ನನಗೆ ನಮ್ಮ ಕೆಲಸದ ಲೆಕ್ಕದಲ್ಲೇ ಅರ್ಥವಾಯಿತು. ಹಾಸುನೂಲಿಗೆ ಗಂಜಿ ಹಾಕುತ್ತೇವಲ್ಲ, ಗಂಜಿ ತೆಳ್ಳಗಿದ್ದರೆ ಎಳೆ ಎಳೆ ಬಿಡಿಯಾಗಿ ಓಡುತ್ತದೆ, ಗಟ್ಟಿಯಾದರೆ ನೂಲಿಗೆ ನೂಲು ಅಂಟಿ ಕೂರುತ್ತದೆ. ಈ ಮಗುವಿನ ಮೈಯೊಳಗಿನ ಕಫ ಗಟ್ಟಿ ಗಂಜಿ. ಎದೆಯಲ್ಲಿ ಅಂಟುತ್ತದೆ, ಹೊಟ್ಟೆಯಲ್ಲಿ ಅಂಟುತ್ತದೆ. ಹೋಗುವ ಕಾಯಿಲೆ ಅಲ್ಲ. ಊಟಕ್ಕೆ ಮುಂಚೆ ಕ್ಯಾಪ್ಸೂಲು, ಬೆಳಿಗ್ಗೆ ಸಂಜೆ ಮೂಗಿಗೆ ಹೊಗೆ ಬಿಡುವ ಮೆಷಿನ್ನು, ಆಮೇಲೆ ಮಂಡಿ ಮೇಲೆ ಬೋರಲು ಮಲಗಿಸಿ ಬೆನ್ನು ತಟ್ಟಬೇಕು, ಅಂಗೈ ಬೋಗುಣಿ ಮಾಡಿಕೊಂಡು. ಅದು ನನಗೆ ಬಂದ ಹಾಗೆ ಸೊಸೆಗೂ ಬರುತ್ತಿರಲಿಲ್ಲ. ಗಂಜಿ ಹಾಕಿದ ನೂಲಿನ ಲಡಿ ಕೊಡವಿ ಕೊಡವಿ ಪಳಗಿದ ಕೈ ನನ್ನದು.

ಹಾಗಾಗಿ ನನಗೆ ಎಲ್ಲ ಗೊತ್ತು ಅಂದುಕೊಂಡಿದ್ದೆ. ಎರಡು ವಿಷಯ ಗೊತ್ತಿರಲಿಲ್ಲ. ಇನ್ನೊಂದು ಗೊತ್ತಿದ್ದೂ ಮಾಡಿದೆ.

ಒಂದು, ನೀರು. ಕಫ ಇರುವವರಿಗೆ ನೀರು ಜಾಸ್ತಿ ಕೊಟ್ಟರೆ ಕಫ ಕಟ್ಟುತ್ತದೆ ಅಂತ ನಮ್ಮ ಕಡೆ ಎಲ್ಲರೂ ಹೇಳುತ್ತಾರೆ. ಡಾಕ್ಟರಮ್ಮ ನೀರು ಕುಡಿಸಿ, ಉಪ್ಪು ಕೊಡಿ ಅಂದಿದ್ದಳು. ಉಪ್ಪು ಕೊಟ್ಟೆ. ನೀರಿಗೆ ಮಾತ್ರ ಕೈ ಹಿಡಿದೆ. ಮಗು ಗಟಗಟ ಕುಡಿಯುವಾಗ ‘ಸಾಕು, ಸಾಕು’ ಅಂತ ಲೋಟ ಕಿತ್ತುಕೊಂಡಿದ್ದೀನಿ...

ಎರಡು, ಮಾತ್ರೆ. ಅದು ಆಮೇಲೆ ಬರುತ್ತದೆ.

ಮೂರನೆಯದು ಸ್ಕೂಲಿನ ಮಡಕೆ. ಮೊಮ್ಮಗಳನ್ನು ಸ್ಕೂಲಿಗೆ ಸೇರಿಸಿದ ದಿನವೇ ಹೇಳಿದ್ದೆ: ‘ಆ ಮಡಕೆ ನೀರು ಮುಟ್ಟಬೇಡ. ತುಂಬೋದು ಯಾರು ಅಂತ ಗೊತ್ತಲ್ಲ. ಬಾಟಲಿ ಕೊಟ್ಟಿದ್ದೀನಿ, ಅದನ್ನೇ ಕುಡಿ.’ ಬಾಟಲಿ ಅಂದರೆ ಒಂದು ಗೇಣಿನದು. ಹತ್ತು ಗಂಟೆಗೆ ಖಾಲಿ. ಅಲ್ಲಿಂದ ಮನೆಗೆ ಬರುವವರೆಗೆ ಒಣ ಗಂಟಲು. ಹೆಣ್ಣುಮಕ್ಕಳ ಕಕ್ಕಸಿಗೆ ಬಾಗಿಲು ಅರ್ಧ ಮುರಿದಿತ್ತು, ದೊಡ್ಡ ಹುಡುಗರು ಇಣುಕುತ್ತಿದ್ದರು. ಅಲ್ಲಿಗೆ ಹೋಗುವುದೇ ಬೇಡ ಅಂತ ಇವಳು ಬಾಟಲಿಯ ನೀರನ್ನೂ ಕೆಲವು ದಿನ ಗಿಡಕ್ಕೆ ಚೆಲ್ಲುತ್ತಿದ್ದಳಂತೆ. ಮಗು ನಮ್ಮ ಹತ್ತಿರ ಹೇಳಲಿಲ್ಲ. ನಾವು ಕೇಳಲೂ ಇಲ್ಲ.

ನಾಲ್ಕನೇ ಕ್ಲಾಸಿನ ಕೊನೆಗೆ, ಬಿಸಿಲು ಏರುವ ಹೊತ್ತಿಗೆ, ಎದೆಯಲ್ಲಿ ಸೋಂಕು ಆಯಿತು. ಆಸ್ಪತ್ರೆಯಲ್ಲಿ ಇಟ್ಟುಕೊಂಡು ಇಂಜೆಕ್ಷನ್ ಹಾಕಿದರು. ಸ್ವಲ್ಪ ಸುಧಾರಿಸಿದ ಮೇಲೆ, ಇನ್ನುಳಿದದ್ದನ್ನು ಊರ ಹತ್ತಿರದ ಕ್ಲಿನಿಕ್ಕಿನಲ್ಲಿ ದಿನಕ್ಕೊಂದರ ಹಾಗೆ ಹಾಕಿಸಿ, ನಡುವೆ ಒಮ್ಮೆ ಬಂದು ಪರೀಕ್ಷೆಗೆ ರಕ್ತ ಕೊಡಿ ಅಂತ ಕಳಿಸಿದರು. ಇದು ಖಾರದ ಇಂಜೆಕ್ಷನ್ನು, ಕಿಡ್ನಿ ಮೇಲೆ ಕೂರುತ್ತದೆ, ನೀರು ನೋಡಿಕೊಳ್ಳಿ, ನೋವಿನ ಮಾತ್ರೆ ಕೊಡಬೇಡಿ ಅಂತ ಸೊಸೆಗೆ ಹೇಳಿದ್ದರಂತೆ. ಸೊಸೆ ನನಗೂ ಹೇಳಿದ್ದಳಂತೆ. ನಾನು ರಾಟೆ ತಿರುಗಿಸುತ್ತಾ ‘ಹೂಂ’ ಅಂದಿದ್ದೆನಂತೆ.

ಪರೀಕ್ಷೆ ಅಂತ ಹಠ ಮಾಡಿ ಮಗು ಸ್ಕೂಲಿಗೆ ಹೊರಟಳು. ಸಂಜೆ ಬಂದು ಕಾಲು ನೋವು, ಮಂಡಿ ನೋವು ಅಂತ ಅತ್ತಳು. ನನ್ನ ಹತ್ತಿರ ನನ್ನ ಕಾಲುನೋವಿನ ಮಾತ್ರೆ ಇತ್ತು. ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂತವರೆಲ್ಲರ ಸೆರಗಿನಲ್ಲೂ ಅದು ಇರುತ್ತದೆ, ಡಾಕ್ಟರ ಚೀಟಿ ಇಲ್ಲದೆ ಟೀ ಅಂಗಡಿಯಲ್ಲೂ ಸಿಗುತ್ತದೆ. ನಮಗೆ ಅದು ಮಾತ್ರೆಯೇ ಅಲ್ಲ, ವೀಳ್ಯದ ಹಾಗೆ. ಅರ್ಧ ಮುರಿದು ಬೆಲ್ಲದಲ್ಲಿ ಇಟ್ಟು ಕೊಟ್ಟೆ. ನೋವು ಹೋಯಿತು, ನಿದ್ದೆ ಮಾಡಿದಳು. ನಾನು ಜಾಣೆ ಅಂದುಕೊಂಡೆ. ಮಾರನೇ ದಿನವೂ ಕೊಟ್ಟೆ. ಅದರ ಮಾರನೇ ದಿನವೂ.

ನಾಲ್ಕನೇ ದಿನ ಮಧ್ಯಾಹ್ನ ಆಯಾಮ್ಮ ಬಂದಳು. ಕಲಗಚ್ಚಿನ ಹೊತ್ತಲ್ಲ, ಕೈಯಲ್ಲಿ ಬಕೆಟ್ಟೂ ಇಲ್ಲ. ಬೇವಿನ ಮರದ ನೆರಳಿಗೂ ಬರದೆ ಬಿಸಿಲಲ್ಲೇ ನಿಂತಳು.

‘ಅಮ್ಮಾ, ಪಾಪು ಬೆಳಗಿಂದ ಒಂದಕ್ಕೇ ಹೋಗಿಲ್ಲ.’

‘ಹೋಗದಿದ್ದರೆ ಮನೆಗೆ ಬಂದು ಹೋಗ್ತಾಳೆ. ಯಾವ ಮಗು ಎಷ್ಟು ಸಾರಿ ಹೋಯ್ತು ಅಂತ ನೋಡ್ತಾ ಕೂರೋದೇನೆ ನಿನ್ನ ಕೆಲಸ?’

‘ಹೌದಮ್ಮಾ, ಅದೇ ನನ್ನ ಕೆಲಸ. ತೊಳೆಯೋಳಿಗೆ ಗೊತ್ತಾಗದೆ ಇನ್ಯಾರಿಗೆ ಗೊತ್ತಾಗುತ್ತೆ?’

ಅವಳು ಮುಂದುವರಿಸಿದಳು. ನಿನ್ನೆ ತಾನೇ ಮಗುವನ್ನು ಕಕ್ಕಸಿಗೆ ಕರೆದುಕೊಂಡು ಹೋಗಿ ಬಾಗಿಲಿಗೆ ಅಡ್ಡ ನಿಂತಿದ್ದಳಂತೆ. ಹೋದದ್ದು ಒಂದು ಚೂರು, ಹಾಲು ಹಾಕದ ಟೀ ಬಣ್ಣ.

‘ಕಣ್ಣಿನ ಕೆಳಗೆ ನೋಡಿದಿರಾ? ಊದಿದೆ. ನಮ್ಮ ಮನೆಯವರಿಗೆ ಹೀಗೇ ಶುರುವಾಗಿದ್ದು.’

ಅವಳ ಗಂಡ ತಿರುಪ್ಪೂರಿನಲ್ಲಿ ಬಟ್ಟೆಗೆ ಬಣ್ಣ ಹಾಕುವ ಶೆಡ್ಡಿನಲ್ಲಿದ್ದವನು. ಕಿಡ್ನಿ ಕೆಟ್ಟಿತು. ಸರ್ಕಾರಿ ಆಸ್ಪತ್ರೆಗೆ ವಾರಕ್ಕೆ ಎರಡು ಸಲ ರಕ್ತ ಶುದ್ಧಿ ಮಾಡಿಸಲು ಕರೆದುಕೊಂಡು ಹೋಗಿ ಬಂದು, ಕೊನೆಗೆ ಅವನನ್ನು ಕಳೆದುಕೊಂಡಳು. ನಮ್ಮ ಬೀದಿಗೆಲ್ಲ ಗೊತ್ತಿದ್ದ ವಿಷಯ. ಯಾರೂ ಹೋಗಿ ಮಾತಾಡಿಸಿದವರಲ್ಲ.

ಆಮೇಲೆ ಅವಳು ದನಿ ಇಳಿಸಿದಳು. ಆ ಗಂಟಲು ಇಳಿದದ್ದನ್ನು ನಾನು ಕೇಳಿದ್ದು ಅದೇ ಮೊದಲು.

‘ನೀರು ಕುಡಿ ಕಂದಾ ಅಂತ ಮಡಕೆಯಿಂದ ತುಂಬಿ ಕೊಟ್ಟೆ. ನಮ್ಮಜ್ಜಿ ಬೈತಾರೆ ಅಂತ ಕೈ ಹಿಂದಕ್ಕೆ ಇಟ್ಟುಕೊಳ್ತಾಳೆ. ನನ್ನ ಕೈದು ಬೇಡದಿದ್ದರೆ ಬಿಡಿ. ನೀವಾದರೂ ಬಂದು ಕುಡಿಸಿ ಹೋಗಿ.’

ನಾನು ಏನು ಹೇಳಬೇಕಿತ್ತೋ... ಹೇಳಿದ್ದು ಇಷ್ಟು: ‘ಬಿಸಿಲಲ್ಲಿ ನಿಲ್ಲಬೇಡ, ಹೋಗು.’

ಹೋದಳು. ರಾಟೆಯ ಮುಂದೆ ಕೂತೆ. ನೂಲು ಕಡಿಯಿತು, ಕಟ್ಟಿದೆ. ಮತ್ತೆ ಕಡಿಯಿತು. ಮೂರನೇ ಸಲ ಕಡಿದಾಗ ಎದ್ದು, ಚಪ್ಪಲಿಯನ್ನೂ ಹಾಕದೆ ಸ್ಕೂಲಿಗೆ ಹೋದೆ. ಮಗುವನ್ನು ಬೆಳಕಿಗೆ ತಿರುಗಿಸಿ ನೋಡಿದೆ. ದಿನಾ ನೋಡುವ ಮುಖ, ನನಗೆ ಕಂಡಿರಲಿಲ್ಲ. ಕೆಳರೆಪ್ಪೆ ಅಕ್ಕಿಹಿಟ್ಟಿನ ಉಂಡೆಯ ಹಾಗಿತ್ತು. ಮೊಣಕಾಲ ಕೆಳಗೆ ಹೆಬ್ಬೆರಳು ಒತ್ತಿದೆ. ತೆಗೆದ ಮೇಲೂ ಕುಳಿ ಹಾಗೇ ನಿಂತಿತ್ತು. ಆಯಾಮ್ಮ ಬೆಲ್ಲಿನ ಕಂಬಿ ಹಿಡಿದು ಅಲ್ಲೇ ನಿಂತಿದ್ದಳು. ನಾನು ಹೇಳಿದೆನಲ್ಲ ಅಂತ ಅವಳು ಹೇಳಲಿಲ್ಲ. ನಾನಾಗಿದ್ದರೆ ಹೇಳುತ್ತಿದ್ದೆ.

ಮಗನಿಗೆ ಫೋನು ಮಾಡಿಸಿ, ಬಾಡಿಗೆ ಕಾರು ಹಿಡಿದು, ಸಂಜೆಯೊಳಗೆ ಆಸ್ಪತ್ರೆ ಸೇರಿದೆವು. ಡಾಕ್ಟರಮ್ಮ ರಕ್ತ ತೆಗೆಸಿ ನೋಡಿ ಮೊದಲು ಕೇಳಿದ್ದೇ, ‘ನೋವಿಗೆ ಏನಾದರೂ ಮಾತ್ರೆ ಕೊಟ್ಟಿರಾ?’ ಸೊಸೆ ‘ಇಲ್ಲ’ ಅಂದಳು. ನಾನು ಸೆರಗಿನ ಗಂಟು ಬಿಚ್ಚಿ ಮಾತ್ರೆಯ ಹಾಳೆಯನ್ನು ಮೇಜಿನ ಮೇಲಿಟ್ಟೆ. ಮೂರು ದಿನ, ದಿನಕ್ಕೆ ಅರ್ಧ, ಅಂದೆ. ಸೊಸೆ ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಬೈದಿದ್ದರೆ ವಾಸಿಯಿತ್ತು.

ಡಾಕ್ಟರಮ್ಮ ಕೂಗಾಡಲಿಲ್ಲ. ಖಾರದ ಇಂಜೆಕ್ಷನ್ನು, ಅದರ ಮೇಲೆ ಈ ಮಾತ್ರೆ, ಅದರ ಮೇಲೆ ಮೈಯಲ್ಲಿ ನೀರಿಲ್ಲದ್ದು, ಮೂರೂ ಒಟ್ಟಿಗೆ ಕಿಡ್ನಿ ಮೇಲೆ ಬಿದ್ದಿದೆ ಅಂದಳು. ಒಂದೊಂದೇ ಬಂದಿದ್ದರೆ ತಡೆಯುತ್ತಿತ್ತೇನೋ ಅಂದಳು. ‘ಮಗು ಸ್ಕೂಲಲ್ಲಿ ನೀರು ಕುಡಿಯೋದಿಲ್ಲವಾ? ಯಾಕೆ?’ ಅಂತ ಕೇಳಿದಳು. ಕಕ್ಕಸು ಸರಿಯಿಲ್ಲ ಅಂದೆ. ಅದು ನಿಜವೇ. ಆದರೆ ಪೂರ್ತಿ ನಿಜ ಅಲ್ಲ. ಮಾತ್ರೆಯದನ್ನು ಒಪ್ಪಿಕೊಂಡೆ. ಮಡಕೆಯದನ್ನು ಒಪ್ಪಿಕೊಳ್ಳಲಿಲ್ಲ. ಇವತ್ತಿನವರೆಗೆ ಮಗನಿಗೂ ಸೊಸೆಗೂ ಹೇಳಿಲ್ಲ. ಇಲ್ಲಿ ಬರೆದಿದ್ದೀನಿ, ಓದಿಕೊಳ್ಳಲಿ.

ಇಂಜೆಕ್ಷನ್ ಬದಲಾಯಿಸಿದರು. ಒಳಗೆ ಹೋಗುವ ನೀರು ಎಷ್ಟು, ಹೊರಗೆ ಬರುವುದು ಎಷ್ಟು, ಎರಡನ್ನೂ ಗೆರೆ ಹಾಕಿದ ಮಗ್ಗಿನಲ್ಲಿ ಅಳೆಯುತ್ತಿದ್ದರು. ಹೆಚ್ಚು ಕೊಟ್ಟರೂ ಕಷ್ಟ, ಕಡಿಮೆಯಾದರೂ ಕಷ್ಟ ಅನ್ನುವ ದಿನಗಳು ಅವು. ಗಂಡನ ಮಗ್ಗದಲ್ಲಿ ಸೀರೆಯ ಅಂಚು ಎಷ್ಟು ಬಂತು ಅಂತ ಕಾದವಳಲ್ಲ ನಾನು, ಆ ಮಗ್ಗಿನಲ್ಲಿ ಒಂದು ಗೆರೆ ಏರಲಿ ಅಂತ ಕಾದು ಕೂತೆ. ಐದನೇ ದಿನ ಏರಿತು. ಬಣ್ಣ ಟೀಯಿಂದ ಅರಿಶಿನಕ್ಕೆ, ಅರಿಶಿನದಿಂದ ನಿಂಬೆಹಣ್ಣಿಗೆ ಬಂತು. ಡಯಾಲಿಸಿಸ್ ಬೇಕಾಗಲಿಲ್ಲ. ಒಂದು ದಿನ ತಡವಾಗಿದ್ದರೆ ಹೇಳಲಾಗುತ್ತಿರಲಿಲ್ಲ ಅಂದರು.

ಬಿಡುವ ದಿನ ಡಾಕ್ಟರಮ್ಮ ನಮ್ಮನ್ನು ಬಿಟ್ಟು ಮಗುವಿನ ಹತ್ತಿರ ಮಾತಾಡಿದಳು. ‘ಇನ್ನು ಮೇಲೆ ಇದು ನಿನ್ನ ಕೆಲಸ. ಎಷ್ಟು ಕುಡಿದೆ, ಯಾವ ಬಣ್ಣ ಹೋಯ್ತು, ನೀನೇ ನೋಡಬೇಕು. ಯಾರು ಯಾವ ಮಾತ್ರೆ ಕೊಟ್ಟರೂ ಮೊದಲು ಕೇಳಬೇಕು, ಇದು ನನ್ನ ಕಿಡ್ನಿಗೆ ಆಗುತ್ತಾ ಅಂತ. ಅಜ್ಜಿ ಕೊಟ್ಟರೂ ಕೇಳಬೇಕು.’ ಕೊನೇ ಮಾತಿಗೆ ಮಗು ನನ್ನ ಮುಖ ನೋಡಿ ನಕ್ಕಿತು. ನನಗೆ ನಗು ಬರಲಿಲ್ಲ.

ರಜೆ ಮುಗಿದು ಸ್ಕೂಲು ತೆಗೆದ ವಾರ, ಸಂಜೆ, ಆಯಾಮ್ಮ ಬಕೆಟ್ಟಿನ ಜೊತೆ ಬಂದಳು. ಕಲಗಚ್ಚು ತುಂಬಿಕೊಂಡು, ‘ಅಮ್ಮಾ, ಒಂದು ಮೊಳ ನೂಲು ಇದ್ದರೆ ಕೊಡಿ, ಕೆಂಪು ಆದರೆ ಒಳ್ಳೇದು, ದೂರದಿಂದ ಕಾಣುತ್ತೆ’ ಅಂದಳು. ಸೀರೆ ಮುಗಿದ ಮೇಲೆ ಉಳಿಯುವ ತುಂಡುನೂಲು, ಒಂದು ಹಿಡಿಯೇ ಕೊಟ್ಟೆ. ಮೇಕೆಯ ಕೊರಳಿಗೆ ಇರಬೇಕು ಅಂದುಕೊಂಡೆ.

ಅದು ಈ ಬೀಗದ ಕೈಗೆ. ಹೆಡ್ ಮೇಡಮ್ಮನ ಹತ್ತಿರ ಹೋಗಿ ಗಲಾಟೆ ಮಾಡಿ, ಟೀಚರ ಕಕ್ಕಸಿಗೆ ಇನ್ನೊಂದು ಕೈ ಮಾಡಿಸಿ, ಮಗುವಿಗೆ ಕೊಟ್ಟಿದ್ದಳು. ಒಬ್ಬ ಟೀಚರು, ‘ಒಂದು ಮಗುವಿಗೆ ಕೊಟ್ಟರೆ ಎಲ್ಲಾ ಕೇಳ್ತವೆ’ ಅಂದರಂತೆ. ‘ಕೇಳಲಿ ಮೇಡಂ, ತೊಳೆಯೋಳು ನಾನು ತಾನೇ, ನೀವಲ್ಲವಲ್ಲ’ ಅಂದಳಂತೆ ಇವಳು. ಮಗು ಮನೆಗೆ ಬಂದು ಆಯಾಮ್ಮನ ಹಾಗೇ ಸೊಂಟಕ್ಕೆ ಕೈಯಿಟ್ಟು ಆಡಿ ತೋರಿಸಿತು.

ಉಳಿದ ನೂಲನ್ನು ಮಗುವಿನ ಹೊಸ ದೊಡ್ಡ ಬಾಟಲಿಗೆ ಸುತ್ತಿದ್ದಳು, ನಾಲ್ಕು ಕಡೆ. ಪ್ರಾರ್ಥನೆಯ ಬೆಲ್ಲಿಗೆ ಮೊದಲ ನೂಲು, ಇಂಟರ್ವಲ್ ಬೆಲ್ಲಿಗೆ ಎರಡನೆಯದು, ಹಾಗೆ. ಬೆಲ್ಲು ಹೊಡೆಯುವವಳು ಅವಳೇ ಅಲ್ಲವಾ, ಪ್ರತಿ ಸಲವೂ ಮೊದಲ ಬೆಲ್ಲು ಹೊಡೆದು ಕಿಟಕಿಯಲ್ಲಿ ನೋಡುತ್ತಿದ್ದಳು. ಮಗು ಬಾಟಲಿ ಎತ್ತಿ, ನೀರು ನೂಲಿನ ಕೆಳಗೆ ಇಳಿಯುವವರೆಗೆ ಎರಡನೇ ಬೆಲ್ಲು ಇಲ್ಲ. ಇಡೀ ಸ್ಕೂಲು ಕಾಯಬೇಕು. ಮಕ್ಕಳೆಲ್ಲ ‘ಕುಡಿಯೇ, ಬೇಗ ಕುಡಿಯೇ’ ಅಂತ ಕೂಗುತ್ತಿದ್ದವಂತೆ. ಬಿಸಿಲು ಜಾಸ್ತಿಯಾದ ದಿನ ಒಂದು ಚಿಟಿಕೆ ಉಪ್ಪನ್ನು ಅಂಗೈಗೆ ಹಾಕುತ್ತಿದ್ದಳು, ಡಾಕ್ಟರಮ್ಮನ ಚೀಟಿಯನ್ನು ಟೀಚರ ಕೈಲಿ ಓದಿಸಿ ಕೇಳಿಕೊಂಡು. ಕಕ್ಕಸಿಂದ ಬಂದರೆ ಒಂದೇ ಪ್ರಶ್ನೆ: ‘ಟೀಯಾ? ನಿಂಬೆಯಾ?’ ನಿಂಬೆ ಅಂದರೆ ಹೋಗು. ಟೀ ಅಂದರೆ ಇನ್ನೊಂದು ನೂಲಿನಷ್ಟು ನೀರು.

ಬಾಟಲಿ ಖಾಲಿಯಾದರೆ? ಅದನ್ನು ಒಂದು ದಿನ ಬೆನ್ನು ತಟ್ಟುತ್ತಾ ಕೇಳಿದೆ. ಮಗು ಬೋರಲು ಮಲಗಿಕೊಂಡೇ ಹೇಳಿತು, ‘ಆಯಾಮ್ಮ ಅಡುಗೆ ಒಲೆಯಲ್ಲಿ ಕಾಯಿಸಿ ಆರಿಸಿ ಇಟ್ಟಿರುತ್ತೆ ಅಜ್ಜಿ. ನನಗೇ ಅಂತ ಬೇರೆ ಸ್ಟೀಲು ಡಬ್ಬ, ಬೇರೆ ಲೋಟ. ಇನ್ಯಾರೂ ಮುಟ್ಟಬಾರದು, ನನಗೆ ಸೋಂಕು ಹತ್ತುತ್ತೆ ಅಂತ.’

ನನ್ನ ಕೈ ಅವಳ ಬೆನ್ನ ಮೇಲೆ ನಿಂತಿತು. ‘ತಟ್ಟು ಅಜ್ಜಿ’ ಅಂತು ಮಗು. ತಟ್ಟಿದೆ. ಬೇಡ ಅನ್ನಲಿಲ್ಲ. ಸರಿ ಅಂತಲೂ ಅನ್ನಲಿಲ್ಲ. ನಾನು ಅವಳಿಗೆ ಅಂತ ಬೇರೆ ಲೋಟ ಇಟ್ಟಿದ್ದೆ. ಅವಳು ನನ್ನ ಮೊಮ್ಮಗಳಿಗೆ ಅಂತ ಬೇರೆ ಲೋಟ ಇಟ್ಟಿದ್ದಳು. ಇದಕ್ಕಿಂತ ಹೆಚ್ಚು ಬಿಡಿಸಿ ಹೇಳಲು ನನಗೆ ಬರುವುದಿಲ್ಲ.

ಮಾರನೇ ದಿನ ಅಲ್ಯುಮಿನಿಯಂ ಲೋಟವನ್ನು ಗೂಡಿನಿಂದ ತೆಗೆದು ಎಸೆದೆ. ಸಂಜೆ ಅವಳು ಬಂದಾಗ ಒಳಗಿಂದ ಸ್ಟೀಲಿನ ಲೋಟದಲ್ಲಿ ನೀರು ತಂದು ಕೈಗೆ ಕೊಟ್ಟೆ. ಅವಳು ಲೋಟ ನೋಡಿದಳು, ನನ್ನನ್ನು ನೋಡಿದಳು. ತುಟಿಗೆ ತಾಗಿಸದೆ ಎತ್ತಿ ಕುಡಿದಳು. ಆಮೇಲೆ ಮೂಲೆಯ ತೊಟ್ಟಿಯಲ್ಲಿ ತೊಳೆದು, ಹೊರಗಿನ ಗೂಡಿನಲ್ಲಿ ಬೋರಲು ಹಾಕಿ ಹೋದಳು. ‘ಇಲ್ಲಿ ಕೊಡು’ ಅಂತ ಕೈ ಚಾಚಿ ಒಳಗೆ ತೆಗೆದುಕೊಂಡು ಹೋಗಬೇಕಿತ್ತು ನಾನು. ಎದುರು ಮನೆಯವಳು ಬಾಗಿಲಲ್ಲಿ ಕೂತು ನೋಡುತ್ತಿದ್ದಳು. ಲೋಟ ಅಲ್ಲೇ ಉಳಿಯಿತು. ಹಾಗೆ ಸ್ಟೀಲಿನ ಲೋಟವೂ ಹೊರಗಿನ ಲೋಟ ಆಯಿತು.

ಐದನೇ ಕ್ಲಾಸು ಮುಗಿದು ಮೊಮ್ಮಗಳು ಪಕ್ಕದ ಊರಿನ ದೊಡ್ಡ ಸ್ಕೂಲಿಗೆ ಹೋದಳು. ಆಯಾಮ್ಮ ಬೀಗದ ಕೈಯನ್ನು ವಾಪಸು ಕೇಳಲಿಲ್ಲ. ಹೊಸ ಸ್ಕೂಲಲ್ಲಿ ಮೊದಲ ದಿನವೇ ನಮ್ಮ ಹುಡುಗಿ ಟೀಚರ ಹತ್ತಿರ ಹೋಗಿ, ನನಗೆ ಹೀಗೆ ಕಾಯಿಲೆ, ನಾನು ಪಾಠದ ನಡುವೆ ನೀರು ಕುಡೀತೀನಿ, ನಡುವೆ ಎದ್ದು ಹೋಗ್ತೀನಿ ಅಂದಳಂತೆ, ಸೊಂಟಕ್ಕೆ ಕೈಯಿಟ್ಟು. ಆ ಗತ್ತು ಎಲ್ಲಿಂದ ಬಂತು ಅಂತ ನನಗೆ ಗೊತ್ತು. ನಮ್ಮ ವಂಶದ್ದಲ್ಲ.

ಕೆಲವು ವರ್ಷದ ಮೇಲೆ ಆಯಾಮ್ಮ ಕೆಲಸ ಬಿಟ್ಟಳು, ಮೇಕೆ ಮಾರಿದಳು ಅಂತ ಕೇಳಿದೆವು. ಹಾಸಿಗೆ ಹಿಡಿದಿದ್ದಾಳೆ ಅಂತ ಗೊತ್ತಾದಾಗ ಮೊಮ್ಮಗಳು ಹತ್ತನೇ ಕ್ಲಾಸು. ‘ನಾನು ನೋಡಬೇಕು, ನೀನು ಬರ್ತೀಯೋ ಇಲ್ಲವೋ’ ಅಂದಳು. ಹೋದೆ. ಈ ಊರಿಗೆ ಬಂದು ನಲವತ್ತು ವರ್ಷದ ಮೇಲೆ ಹಳ್ಳದ ಆಚೆಯ ಬೀದಿಗೆ ಕಾಲಿಟ್ಟದ್ದು ಅದೇ ಮೊದಲು. ನಮ್ಮ ಬೀದಿಗಿಂತ ಚೊಕ್ಕಟವಾಗಿತ್ತು.

ಹಗ್ಗದ ಮಂಚದ ಮೇಲೆ ಮಲಗಿದ್ದಳು. ನಮ್ಮನ್ನು ಕಂಡು ಎದ್ದು ಕೂತಳು. ತಲೆಯ ಹತ್ತಿರ, ಮರಳಿನ ಮೇಲೆ, ಒದ್ದೆ ಬಟ್ಟೆ ಸುತ್ತಿದ ಮಡಕೆ, ಅದರ ಮೇಲೆ ಲೋಟ. ಅವಳ ಮಗಳು ನಮ್ಮನ್ನು ನೋಡಿದ್ದೇ ಅಂಗಡಿಗೆ ಓಡಿದಳು. ಮೊಮ್ಮಗಳು ಮಂಚದ ಅಂಚಿಗೆ ಕೂತು, ‘ಆಯಾಮ್ಮಾ, ನೀರು ಕೊಡು’ ಅಂತ ಮಡಕೆಗೆ ಕೈ ಚಾಚಿದಳು. ಆಯಾಮ್ಮ ಆ ಕೈಗೆ ಪಟ್ ಅಂತ ಹೊಡೆದಳು.

‘ಕಾಯಿಸಿಲ್ಲ ಅದು! ಎಷ್ಟು ಸಾರಿ ಹೇಳಿದ್ದೀನಿ? ನಿನ್ನ ಬಾಟಲಿ ಎಲ್ಲೇ?’

ಹುಡುಗಿ ಚೀಲದಿಂದ ಬಾಟಲಿ ತೆಗೆದು ತೋರಿಸಿದಳು. ‘ಕುಡಿ’ ಅಂದಳು ಆಯಾಮ್ಮ. ಹುಡುಗಿ ಕುಡಿದಳು. ‘ಟೀಯಾ, ನಿಂಬೆಯಾ?’ ‘ನಿಂಬೆ ಆಯಾಮ್ಮಾ, ಎಳೆ ನಿಂಬೆ.’ ಇಬ್ಬರೂ ನಕ್ಕರು. ಒಬ್ಬಳು ಕೆಮ್ಮುತ್ತಾ ನಕ್ಕಳು, ಇನ್ನೊಬ್ಬಳೂ ಕೆಮ್ಮುತ್ತಾ ನಕ್ಕಳು.

ಅಷ್ಟರಲ್ಲಿ ಮಗಳು ಅಂಗಡಿಯಿಂದ ಸೋಡಾ ತಂದು, ಮುಚ್ಚಳ ತೆಗೆದು, ಬಾಟಲಿಯನ್ನೇ ನನ್ನ ಕೈಗೆ ಕೊಟ್ಟಳು. ಅವರ ಮನೆಯ ಯಾವ ಪಾತ್ರೆಯೂ ನಡುವೆ ಬರದ ಹಾಗೆ. ಆಯಾಮ್ಮ, ‘ಅಂಗಡಿದು ಅಮ್ಮಾ, ಕುಡೀರಿ’ ಅಂದಳು. ಕೊಂಕಿಲ್ಲ, ಚುಚ್ಚು ಇಲ್ಲ. ಮನೆಗೆ ಬಂದವಳಿಗೆ ಮುಜುಗರ ಆಗದಿರಲಿ ಅಂತ ಅಷ್ಟೇ. ಮಡಕೆ ಒಂದು ಮೊಳ ದೂರದಲ್ಲಿತ್ತು. ಸೋಡಾ ಬೇಡ, ನಿನ್ನ ಮಡಕೆ ನೀರು ಕೊಡು ಅಂತ ಕೇಳಿದ್ದರೆ ಆಗುತ್ತಿತ್ತು. ನನಗೇನೂ ಸೋಂಕಿನ ಭಯ ಇರಲಿಲ್ಲ. ನಾಲಿಗೆ ತುದಿಯವರೆಗೆ ಬಂತು...

ಸೋಡಾ ಕುಡಿದೆ. ಮೂಗಿಗೆ ಹತ್ತಿ ಕಣ್ಣಲ್ಲಿ ನೀರು ಬಂತು. ಸೋಡಾದಿಂದಲೇ ಅಂತ ಇಟ್ಟುಕೊಳ್ಳಿ.

ಹದಿನೈದು ದಿನಕ್ಕೆ ಆಯಾಮ್ಮ ಹೋಗಿಬಿಟ್ಟಳು. ಮೊಮ್ಮಗಳಿಗೆ ಪರೀಕ್ಷೆ ಇತ್ತು, ಸಂಜೆ ಬಂದ ಮೇಲೆ ಹೇಳಿದೆವು. ನಾನು ಹಳ್ಳದವರೆಗೆ ಹೋಗಿ ಈ ಕಡೆಯೇ ನಿಂತು ನೋಡಿದೆ. ತಮಟೆ ಕೇಳಿಸಿತು. ಒಳಗೆ ಹೋಗಲಿಲ್ಲ.

ಈಗ ಮೊಮ್ಮಗಳು ಕಾಲೇಜು. ಬಸ್ಸಿನಲ್ಲಿ ಕೊಯಮತ್ತೂರಿಗೆ ಹೋಗಿ ಬರುತ್ತಾಳೆ. ಎದೆ ಮೊದಲಿನಷ್ಟು ಗಟ್ಟಿಯಿಲ್ಲ, ವರ್ಷಕ್ಕೆ ಒಂದೆರಡು ಸಲ ಆಸ್ಪತ್ರೆ ಇದ್ದೇ ಇದೆ. ಆದರೆ ಕಿಡ್ನಿ ಇವತ್ತಿಗೂ ಚೆನ್ನಾಗಿದೆ. ಇಂಜೆಕ್ಷನ್ ಹಾಕಲು ಬಂದವರನ್ನು ಮೊದಲು ಕೂರಿಸಿ ಯಾವ ಔಷಧ ಅಂತ ಕೇಳುತ್ತಾಳೆ, ರಕ್ತದ ಕಾಗದ ತಾನೇ ಓದುತ್ತಾಳೆ. ನನ್ನ ರಕ್ತವನ್ನೂ ಒಂದು ದಿನ ಪರೀಕ್ಷೆಗೆ ಕೊಡಿಸಿದಳು. ಅಷ್ಟು ವರ್ಷ ಕಾಲುನೋವಿನ ಮಾತ್ರೆ ನುಂಗಿದ್ದಕ್ಕೆ ಕೆಟ್ಟಿರುವುದು ನನ್ನ ಕಿಡ್ನಿ. ನನ್ನ ಸೆರಗಿನ ಗಂಟು ಬಿಚ್ಚಿ ಮಾತ್ರೆಯೆಲ್ಲ ತಿಪ್ಪೆಗೆ ಹಾಕಿದಳು. ಕಾಲೇಜಿನಿಂದ ದಿನಾ ಹನ್ನೊಂದಕ್ಕೆ ಫೋನು ಮಾಡಿ ‘ಬೆಲ್ಲು ಹೊಡೆದಿದೆ ಅಜ್ಜಿ, ಕುಡಿ’ ಅನ್ನುತ್ತಾಳೆ. ಕುಡಿದೆ ಅಂದರೆ ನಂಬುವುದಿಲ್ಲ, ಗುಟುಕು ಕೇಳಿಸಬೇಕು.

ಬೀಗದ ಕೈ ತೋರಿಸಿದೆ. ಕೈಯಲ್ಲಿ ಹಿಡಿದು ನೂಲಿನ ಗಂಟನ್ನು ಬೆರಳಲ್ಲಿ ತಿರುಗಿಸಿ ನೋಡಿದಳು. ಆ ಕಕ್ಕಸನ್ನು ಕೆಡವಿ ಹೊಸದು ಕಟ್ಟಿದ್ದಾರೆ. ಈ ಕೈ ಹಾಕಲು ಬೀಗವೂ ಇಲ್ಲ, ಬಾಗಿಲೂ ಇಲ್ಲ. ‘ಪೇಪರಿನವನಿಗೆ ಹಾಕಬೇಡ’ ಅಂತ ಹೇಳಿ ತನ್ನ ಬಾಟಲಿಯ ಕುತ್ತಿಗೆಗೆ ಕಟ್ಟಿಕೊಂಡಳು.

ಇವತ್ತು ಹನ್ನೊಂದಕ್ಕೆ ಫೋನು ಬಂದಾಗ ಹೊರಗೆ ಹೋಗಿ ಗೂಡಿನ ಲೋಟ ತೆಗೆದೆ. ಒಳಗೆ ಜೇಡ ಗೂಡು ಕಟ್ಟಿತ್ತು. ತೊಳೆದು, ನೀರು ತುಂಬಿ, ಬಾಗಿಲ ಹೊರಗೇ ನಿಂತು ಕುಡಿದೆ. ಎದುರು ಮನೆಯವಳು ನೋಡಿದಳು, ನೋಡಲಿ. ಇದರಿಂದ ಏನೂ ತೀರಲಿಲ್ಲ ಅಂತ ಗೊತ್ತು. ಕುಡಿಯಬೇಕಾಗಿದ್ದ ನೀರು ಇದಲ್ಲ. ಅದು ಆ ಮಡಕೆಯಲ್ಲಿತ್ತು, ಒಂದು ಮೊಳ ದೂರದಲ್ಲಿ.

ಲೋಟ ತೊಳೆದು ಒಳಗೆ ತಂದಿಟ್ಟೆ.